ಗಿಟಾರಿನ ಡಿಜಿಟಲ್ ಭಾಗ ಎಲ್ಲಿರಬೇಕು? ಕೊಳ್ಳುವ ಮುನ್ನ ಒಂದು ಹೋಲಿಕೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದರೆ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಹುಟ್ಟುವುದು ಬಲು ಸಣ್ಣ ವಿದ್ಯುತ್ ಅಲೆ. ಕೇಬಲ್, ಕಾಲಲ್ಲಿ ಒತ್ತಿ ದನಿ ಬದಲಿಸುವ ಪೆಡಲ್, ಸದ್ದು ಹಿಗ್ಗಿಸುವ ಆಂಪ್, ಸ್ಪೀಕರ್ ದಾಟಿ ಅದು ಕಿವಿ ಮುಟ್ಟುವಷ್ಟರಲ್ಲಿ, ಈಗಿನ ಬಹುಪಾಲು ಸೆಟಪ್‌ಗಳಲ್ಲಿ ಎಲ್ಲೋ ಒಂದು ಕಡೆ ಅಂಕಿಗಳಾಗಿ, ಲೆಕ್ಕಕ್ಕೆ ಸಿಕ್ಕಿ, ಮತ್ತೆ ಅಲೆಯಾಗಿ ಹೊರಬರುತ್ತದೆ. ಹಾಗಾಗಿ “ಡಿಜಿಟಲ್ ತಗೊಳ್ಳಲಾ, ಬೇಡವಾ?” ಎಂದು ಯಾರಾದರೂ ಕೇಳಿದರೆ ನಾನು ಆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸುತ್ತೇನೆ. ಡಿಜಿಟಲ್ ಎಲ್ಲಿ ಕೂರಬೇಕು? ಗಿಟಾರಿನ ಹೊಟ್ಟೆಯಲ್ಲೋ, ಕಾಲಡಿಯ ಪೆಟ್ಟಿಗೆಯಲ್ಲೋ, ಆಂಪ್‌ನಲ್ಲೋ, ಕಂಪ್ಯೂಟರಿನಲ್ಲೋ? ದುಡ್ಡು ಎಷ್ಟು, ಯಾವ ಬ್ರ್ಯಾಂಡ್ ಎಂಬುದೆಲ್ಲ ಇದಾದ ಮೇಲಿನ ಮಾತು.

ನನಗೆ ಈ ಪ್ರಶ್ನೆ ಹೊಳೆದದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಎಫೆಕ್ಟ್, ಲೂಪರ್ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಸೌಲಭ್ಯ), ರೆಕಾರ್ಡಿಂಗ್ ಎಲ್ಲವೂ ಒಳಗೇ ಇದ್ದ ಒಂದು ಗಿಟಾರ್ ಕೊಂಡಿದ್ದೆ. ಸೆಟ್ಟಿಂಗ್ ಬದಲಿಸಲು ಫೋನಿನ ಆ್ಯಪ್ ಬೇಕಿತ್ತು. ಫೋನ್ ಬದಲಾಯಿಸಿದ ದಿನ ಆ ಆ್ಯಪ್ ತೆರೆಯಲೇ ಇಲ್ಲ. ತಯಾರಕರು ಅದನ್ನು ಹೊಸ ಫೋನುಗಳಿಗೆ ಹೊಂದಿಸುವುದನ್ನು ನಿಲ್ಲಿಸಿಬಿಟ್ಟಿದ್ದರು. ಗಿಟಾರಿನ ನೆಕ್ ನೇರವಾಗಿತ್ತು, ಅದರ ಮೇಲಿನ ಲೋಹದ ಪಟ್ಟಿ ಫ್ರೆಟ್ ಸವೆದಿರಲಿಲ್ಲ, ತಂತಿ ಚೆನ್ನಾಗಿಯೇ ನುಡಿಯುತ್ತಿತ್ತು. ಆದರೆ ಯಾವುದಕ್ಕಾಗಿ ಹೆಚ್ಚು ದುಡ್ಡು ಕೊಟ್ಟಿದ್ದೆನೋ ಅದು ಸತ್ತುಹೋಗಿತ್ತು. ಅದೇ ಕೋಣೆಯ ಮೂಲೆಯಲ್ಲಿದ್ದ ನನ್ನ ಹಳೆಯ ಸಾದಾ ಗಿಟಾರ್ ಹೊಸ ತಂತಿ ಕಟ್ಟಿದ ಕೂಡಲೇ ಎಂದಿನಂತೆ ಹಾಡಿತು. ಮರಕ್ಕೆ ಒಂದು ಆಯಸ್ಸು, ಚಿಪ್‌ಗೆ ಇನ್ನೊಂದು. ಎರಡನ್ನೂ ಒಂದೇ ಮೈಯಲ್ಲಿ ಅಂಟಿಸಿದರೆ ಮೊದಲು ಸಾಯುವುದು ಮತ್ತೊಂದನ್ನೂ ಎಳೆದುಕೊಂಡು ಹೋಗುತ್ತದೆ.

ಈ ಲೇಖನದ ಉದ್ದಕ್ಕೂ ನನ್ನ ಒಲವು ಅದೇ ಕಡೆಗಿದೆ: ಗಿಟಾರ್ ಸಾದಾ ಇರಲಿ, ಡಿಜಿಟಲ್ ಹೊರಗಿರಲಿ. ಆದರೆ ಅಪವಾದಗಳಿವೆ, ಅವನ್ನು ಮುಚ್ಚಿಡುವುದಿಲ್ಲ.

ಗಿಟಾರಿನ ಒಳಗೆ

ಗಿಟಾರಿಗೆ ಎಲೆಕ್ಟ್ರಾನಿಕ್ ಬುದ್ಧಿ ತುಂಬುವ ಪ್ರಯತ್ನ ಹೊಸತೇನಲ್ಲ. ರೋಲೆಂಡ್ ತನ್ನ ಮೊದಲ ಗಿಟಾರ್ ಸಿಂಥಸೈಜರ್ ಜಿಆರ್-500 ತಂದದ್ದು 1977ರಲ್ಲಿ. 1995ರಲ್ಲಿ ಅದೇ ಕಂಪನಿಯ ವಿಜಿ-8 ಬಂತು. ಆರು ತಂತಿಗೂ ಬೇರೆ ಬೇರೆ ಸಂಕೇತ ಕೊಡುವ ವಿಶೇಷ ಪಿಕಪ್ಪನ್ನು ಬ್ರಿಡ್ಜ್ ಪಕ್ಕ ಕೂರಿಸಿ, ಹೊರಗಿನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಗಿಟಾರುಗಳ ನಾದವನ್ನು ಲೆಕ್ಕ ಹಾಕಿ ಕಟ್ಟುವ ಯಂತ್ರ ಅದು. 2000ರ ದಶಕದ ಆರಂಭದಲ್ಲಿ ಲೈನ್ 6 ಕಂಪನಿಯ ವೇರಿಯಾಕ್ಸ್ ಆ ಲೆಕ್ಕವನ್ನೇ ಗಿಟಾರಿನ ಒಳಗೆ ತಂದಿತು. ಒಂದು ನಾಬ್ ತಿರುಗಿಸಿದರೆ ಸಿಂಗಲ್ ಕಾಯಿಲ್ ಗಿಟಾರಿನ ಚುರುಕು ದನಿ, ಇನ್ನೊಂದು ಹೆಜ್ಜೆ ತಿರುಗಿಸಿದರೆ ಹನ್ನೆರಡು ತಂತಿಯ ಅಕೂಸ್ಟಿಕ್. ಹಾಡಿನ ನಡುವೆ ಗಿಟಾರ್ ಬದಲಿಸದೆ ಬೇರೆ ಟ್ಯೂನಿಂಗ್‌ಗೂ ಹೋಗಬಹುದು.

ವೇದಿಕೆಯ ಮೇಲೆ ಒಂದೇ ಸಂಜೆ ಇಪ್ಪತ್ತು ಬಗೆಯ ಹಾಡು ನುಡಿಸುವವರಿಗೆ ಇದು ನಿಜಕ್ಕೂ ವರ. ಮನೆಯಲ್ಲಿ ನುಡಿಸುವವರಿಗೆ ಇದರಲ್ಲಿ ಒಂದು ಕಿರಿಕಿರಿ ಕಾದಿದೆ. ಟ್ಯೂನಿಂಗ್ ಬದಲಾಗುವುದು ಲೆಕ್ಕದಲ್ಲಿ ಮಾತ್ರ, ತಂತಿಯಲ್ಲಿ ಅಲ್ಲ. ಸ್ಪೀಕರಿನಿಂದ ಎರಡು ಫ್ರೆಟ್ ಕೆಳಗಿನ ಸ್ವರ ಬರುತ್ತಿರುತ್ತದೆ, ಎದೆಗೆ ಆನಿಸಿಕೊಂಡ ಗಿಟಾರಿನ ತಂತಿ ತನ್ನ ಮೂಲ ಸ್ವರವನ್ನೇ ನುಡಿಯುತ್ತಿರುತ್ತದೆ. ಸದ್ದು ಜೋರಾಗಿದ್ದರೆ ಎರಡನೆಯದು ಮುಳುಗಿಹೋಗುತ್ತದೆ. ರಾತ್ರಿ ಹತ್ತರ ಮೇಲೆ ಮೆಲ್ಲಗೆ ನುಡಿಸಿ ನೋಡಿ, ಅಪಶ್ರುತಿ ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕಿದ ಹಾಗೆ ಕಾಡುತ್ತದೆ. ಹೆಡ್‌ಫೋನ್ ಹಾಕಿದರೆ ಒಂದಿಷ್ಟು ವಾಸಿ.

ಬಿರಡೆಯನ್ನು ಮೋಟಾರಿನಿಂದ ತಿರುಗಿಸಿ ತಾನೇ ಶ್ರುತಿ ಮಾಡಿಕೊಳ್ಳುವ ‘ರೋಬೋಟ್ ಗಿಟಾರ್’ ಅನ್ನು ಗಿಬ್ಸನ್ 2007ರಲ್ಲಿ ಹೊರತಂದಿತು. 2015ರ ಹೆಚ್ಚಿನ ಮಾಡೆಲ್‌ಗಳಿಗೆ ಅಂಥ ಸ್ವಯಂಚಾಲಿತ ಬಿರಡೆಯನ್ನು ಮೊದಲೇ ಕೂಡಿಸಿ ಮಾರಿದಾಗ ಗಿಟಾರಿಗರಿಂದ ದೊಡ್ಡ ವಿರೋಧ ಬಂತು, ಆಮೇಲೆ ಕಂಪನಿ ಹಿಂದೆ ಸರಿಯಿತು. ಆ ತಂತ್ರಜ್ಞಾನ ಕೆಲಸ ಮಾಡುತ್ತಿರಲಿಲ್ಲವೆಂದಲ್ಲ. ಗಿಟಾರಿನ ತಲೆಗೆ ಕಚ್ಚಿಸುವ ಪುಟ್ಟ ಟ್ಯೂನರ್ ಒಂದು ನಿಮಿಷದಲ್ಲಿ ಮಾಡಿಸುವ ಕೆಲಸಕ್ಕೆ ಮೋಟಾರು, ಬ್ಯಾಟರಿ, ತೂಕ ಹೊರುವುದು ಜನಕ್ಕೆ ಬೇಡವಾಯಿತು. ಬೆರಳ ಕೀಲು ನೋವಿರುವವರಿಗೆ, ಬಿರಡೆ ತಿರುಗಿಸುವುದೇ ಕಷ್ಟವಾದವರಿಗೆ ಮಾತ್ರ ಇದು ದೊಡ್ಡ ಉಪಕಾರ. ಅಂಥವರು ಬೇರೆಯವರ ಟೀಕೆಗೆ ಕಿವಿಗೊಡಬೇಕಾಗಿಲ್ಲ.

ಇನ್ನು ಮಿಡಿ (MIDI), ಅಂದರೆ ಯಾವ ಸ್ವರ ನುಡಿಸಿದೆ ಎಂಬುದನ್ನು ಬೇರೆ ವಾದ್ಯಕ್ಕೆ ಅಂಕಿಗಳಲ್ಲಿ ತಿಳಿಸುವ ಡಿಜಿಟಲ್ ಭಾಷೆ. ಗಿಟಾರಿನಿಂದ ವಯಲಿನ್, ಕೊಳಲು, ಪಿಯಾನೊ ಸದ್ದು ತೆಗೆಯುವ ಆಸೆ ಹಲವರಿಗಿದೆ. ಇಲ್ಲಿ ಅಡ್ಡ ಬರುವುದು ಭೌತಶಾಸ್ತ್ರ. ಕೆಳಗಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅಂದರೆ ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಇದು ಯಾವ ಸ್ವರ ಎಂದು ಯಂತ್ರ ಗುರುತಿಸಬೇಕಾದರೆ ಕನಿಷ್ಠ ಒಂದೆರಡು ಸುತ್ತು ಕಾಯಬೇಕು. ಮೀಟಿದ ಕ್ಷಣದ ಗದ್ದಲ ಬೇರೆ ಅಡ್ಡ ಬರುತ್ತದೆ. ಮೇಲಿನ ತೆಳು ಇ ತಂತಿಯದು 330 ಕಂಪನ, ಸುತ್ತಿಗೆ 3 ಮಿಲಿಸೆಕೆಂಡ್ ಮಾತ್ರ. ಹಾಗಾಗಿ ಮಿಡಿ ಗಿಟಾರಿನಲ್ಲಿ ತೆಳು ತಂತಿಗಳು ಚುರುಕಾಗಿ, ದಪ್ಪ ತಂತಿಗಳು ಎಳೆದೆಳೆದು ಸ್ಪಂದಿಸುತ್ತವೆ. ಚಿಪ್ ಎಷ್ಟೇ ವೇಗವಾದರೂ ಇನ್ನೂ ಪೂರ್ತಿ ಬಾರದ ಅಲೆಯನ್ನು ಅಳೆಯಲಾಗದು. ಫಿಶ್‌ಮನ್ ಕಂಪನಿಯ ಟ್ರಿಪಲ್‌ಪ್ಲೇ ಥರದ ವೈರ್‌ಲೆಸ್ ಪಿಕಪ್ ಕೊಂಡವರು ತಂತ್ರವನ್ನೇ ಒಂಚೂರು ತಿದ್ದಿಕೊಂಡು, ಚೊಕ್ಕವಾಗಿ ಮೀಟುವುದನ್ನು ಕಲಿಯುತ್ತಾರೆ. ನಿಧಾನವಾಗಿ ಹಬ್ಬುವ ಸ್ಟ್ರಿಂಗ್ಸ್ ಸದ್ದಿಗೆ ಇದು ಚೆಂದ. ವೇಗದ ಬೇಸ್ ಸಾಲುಗಳಿಗೆ ಹಿಡಿಸುವುದಿಲ್ಲ.

ಈ ಮೂರನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗಿಟಾರಿನ ಒಳಗೆ ತುರುಕಿದ್ದ ಸೌಲಭ್ಯಗಳು ಒಂದೊಂದಾಗಿ ಹೊರಬಂದಿವೆ. ಇಡೀ ಗಿಟಾರನ್ನು ಕೆಳಗಿನ ಶ್ರುತಿಗೆ ಇಳಿಸಲು ಡಿಜಿಟೆಕ್ ಡ್ರಾಪ್ ಥರದ ಪೆಡಲ್ ಸಾಕು. ಆರ್ಗನ್ ಸದ್ದಿಗೆ ಇಲೆಕ್ಟ್ರೊ ಹಾರ್ಮೊನಿಕ್ಸ್‌ನ ಬಿ9 ಇದೆ, ಸಿಂಥ್ ಸದ್ದಿಗೆ ಬಾಸ್ ಕಂಪನಿಯ ಎಸ್‌ವೈ-1 ಇದೆ. ಮೂರಕ್ಕೂ ವಿಶೇಷ ಪಿಕಪ್ ಬೇಡ, ನಿಮ್ಮ ಹಳೆಯ ಗಿಟಾರೇ ಸಾಕು. ಪೆಡಲ್ ಹಳತಾದರೆ ಅದನ್ನಷ್ಟೇ ಬದಲಿಸಿದರಾಯಿತು.

ಒಳಗೇ ಇದ್ದರೂ ನನಗೆ ಮೆಚ್ಚುಗೆಯಾದ ಒಂದು ಬಗೆ ಎಂದರೆ ಯಮಹಾದ ಟ್ರಾನ್ಸ್‌ಅಕೂಸ್ಟಿಕ್. ಅಕೂಸ್ಟಿಕ್ ಗಿಟಾರಿನ ಒಳಗಿನ ಒಂದು ಪುಟ್ಟ ಸಾಧನ ಮರವನ್ನೇ ಕಂಪಿಸಿ ರಿವರ್ಬ್, ಕೋರಸ್ (ಗುಂಯ್‌ಗುಡುವ ಅನುರಣನ, ಹಲವು ಗಿಟಾರ್ ಒಟ್ಟಿಗೆ ನುಡಿದಂಥ ದನಿ) ಕೊಡುತ್ತದೆ. ಕೇಬಲ್ ಬೇಡ, ಸ್ಪೀಕರ್ ಬೇಡ, ಫೋನ್ ಬೇಡ. ಆಫ್ ಮಾಡಿದರೆ ಅದೊಂದು ಮಾಮೂಲಿ ಅಕೂಸ್ಟಿಕ್. ಒಳಗಿನ ಎಲೆಕ್ಟ್ರಾನಿಕ್ಸ್ ಮುಂದೆ ಕೈಕೊಟ್ಟರೂ ಗಿಟಾರ್ ಉಳಿಯುತ್ತದೆ. ಟಚ್ ಸ್ಕ್ರೀನ್ ಇರುವ, ಕಾರ್ಬನ್ ಫೈಬರ್ ಮೈಯ ಲಾವಾ ಮಿ 3 ಥರದವನ್ನು ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ: ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ನುಡಿಸಿ. ಆಗಲೂ ಇಷ್ಟವಾದರೆ ಕೊಳ್ಳಿ.

ಕಾಣದ ಡಿಜಿಟಲ್

ಗಿಟಾರಿನ ವಿನ್ಯಾಸವನ್ನು ಡಿಜಿಟಲ್ ನಿಜವಾಗಿ ಬದಲಿಸಿದ್ದು ಕಾರ್ಖಾನೆಯಲ್ಲಿ ಎಂದು ನನ್ನ ಅನಿಸಿಕೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರವನ್ನು ಗಿಟಾರ್ ತಯಾರಿಕೆಗೆ ಬೇಗನೆ ತಂದವರಲ್ಲಿ ಟೇಲರ್ ಕಂಪನಿ ಒಂದು. ಈಗ ಕಡಿಮೆ ಬೆಲೆಯ ಗಿಟಾರಿನ ನೆಕ್ ಕೂಡ ಅದೇ ಬಗೆಯ ಯಂತ್ರದಲ್ಲಿ ಕೊರೆದು ಬರುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಪ್ಲೆಕ್ ಯಂತ್ರವಂತೂ ತಂತಿಯ ಬಿಗಿತ ಇರುವಾಗಲೇ ಪ್ರತಿ ಫ್ರೆಟ್‌ನ ಎತ್ತರವನ್ನು ಅಳೆದು, ಎಲ್ಲಿ ಎಷ್ಟು ಉಜ್ಜಬೇಕೆಂದು ಲೆಕ್ಕ ಹಾಕಿ ತಾನೇ ಉಜ್ಜುತ್ತದೆ. ಫ್ರೆಟ್ ಸಮವಾಗಿದ್ದರೆ ತಂತಿಯನ್ನು ತಗ್ಗಿಸಿ ಕಟ್ಟಬಹುದು, ಬೆರಳು ನೋಯುವುದಿಲ್ಲ, ಕಲಿಯುವವರು ಮೂರನೇ ತಿಂಗಳಿಗೆ ಕೈಬಿಡುವುದಿಲ್ಲ. ಈ ಡಿಜಿಟಲ್‌ಗೆ ಬ್ಯಾಟರಿ ಬೇಡ, ಅಪ್‌ಡೇಟ್ ಬೇಡ. ಒಳಗೆ ಸರ್ಕಿಟ್ ತುಂಬಿದ ಗಿಟಾರಿಗೂ ಅದೇ ಬೆಲೆಯ ಸಾದಾ ಗಿಟಾರಿಗೂ ನಡುವೆ ಆರಿಸುವುದಾದರೆ ಸಾದಾದ್ದನ್ನು ಆರಿಸಿ, ಅದಕ್ಕೆ ಒಳ್ಳೆಯ ಸೆಟಪ್ (ತಂತಿ, ನೆಕ್, ಫ್ರೆಟ್ ಹದಗೊಳಿಸುವುದು) ಮಾಡಿಸಿ.

ಆಂಪ್, ಪೆಟ್ಟಿಗೆ, ಕಂಪ್ಯೂಟರ್

ಗಾಜಿನ ನಿರ್ವಾತ ಟ್ಯೂಬುಗಳಿಂದ ಸದ್ದು ಹಿಗ್ಗಿಸುವ ಹಳೆಯ ಬಗೆಯ ಟ್ಯೂಬ್ ಆಂಪ್‌ನ ಮೋಹ ಯಾಕೆ ಎಂದು ಮೊದಲು ತಿಳಿಯಬೇಕು. ಟ್ಯೂಬ್ ತನ್ನ ಮಿತಿ ಮುಟ್ಟಿದಾಗ ಅಲೆಯ ತುದಿಯನ್ನು ಒಮ್ಮೆಲೇ ಕತ್ತರಿಸದೆ ಮೆಲ್ಲಗೆ ದುಂಡಗೆ ಮಾಡುತ್ತದೆ. ಮೆಲ್ಲಗೆ ಮೀಟಿದರೆ ತಿಳಿ ದನಿ, ಒತ್ತಿ ಮೀಟಿದರೆ ಕರಕಲು ದನಿ. ವಾಲ್ಯೂಮ್ ನಾಬ್ ಒಂದೇ ಸಾಕು, ಹತ್ತು ಬಣ್ಣ ಬರುತ್ತವೆ. ಆದರೆ ಆ ಬಣ್ಣ ಪೂರ್ತಿ ಬರಬೇಕಾದರೆ ಆಂಪ್ ಜೋರಾಗಿ ಕೂಗಬೇಕು. 22 ವ್ಯಾಟ್‌ನ ಟ್ಯೂಬ್ ಆಂಪನ್ನು ಮಲಗುವ ಕೋಣೆಯಲ್ಲಿ ಅದರ ದನಿ ಚೆಂದ ಬರುವ ಮಟ್ಟಕ್ಕೆ ಏರಿಸಿದರೆ ನೆರೆಯವರು ಬಾಗಿಲು ತಟ್ಟುತ್ತಾರೆ. ಟ್ಯೂಬ್ ಸವೆಯುತ್ತದೆ, ಬದಲಿಸಬೇಕಾಗುತ್ತದೆ. ಜೊತೆಗೆ ತೂಕ.

ಡಿಜಿಟಲ್ ಇದನ್ನು ಎರಡು ಹಾದಿಯಲ್ಲಿ ಹಿಡಿಯಿತು. ಮೊದಲನೆಯದು ಮಾಡೆಲಿಂಗ್: ಆಂಪ್‌ನ ಸರ್ಕಿಟ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಗಣಿತವಾಗಿ ಬರೆಯುವುದು. ಲೈನ್ 6ರ ಕೆಂಪು ಪಾಡ್ 1998ರಲ್ಲಿ ಇದನ್ನು ಮನೆಮನೆಗೆ ತಂದಿತು. 2006ರಲ್ಲಿ ಬಂದ ಫ್ರ್ಯಾಕ್ಟಲ್ ಆಡಿಯೊ ಕಂಪನಿಯ ಆ್ಯಕ್ಸ್-ಎಫ್‌ಎಕ್ಸ್ ದೊಡ್ಡ ವೇದಿಕೆಯ ಗಿಟಾರಿಗರ ನಂಬಿಕೆ ಗಳಿಸಿತು. ಎರಡನೆಯದು ಸೆರೆಹಿಡಿಯುವುದು: ನಿಜವಾದ ಆಂಪ್‌ಗೆ ಪರೀಕ್ಷಾ ಸದ್ದು ಕಳಿಸಿ, ಹೊರಬಂದದ್ದನ್ನು ಹೋಲಿಸಿ ನಕಲು ಕಟ್ಟುವುದು. 2011ರಲ್ಲಿ ಕಾಣಿಸಿಕೊಂಡ ಕೆಂಪರ್ ಪ್ರೊಫೈಲರ್ ಈ ಹಾದಿಯ ಮುಂಚೂಣಿ. ಈಗ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ತಂತ್ರಾಂಶ) ಬಳಸುವ ಕ್ವಾಡ್ ಕಾರ್ಟೆಕ್ಸ್ ಎಂಬ ಪೆಟ್ಟಿಗೆ ಇದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶವಂತೂ ಉಚಿತವಾಗಿಯೇ ಸಿಗುತ್ತದೆ.

ಆರಿಸುವಾಗ ಇವೆರಡರ ವ್ಯತ್ಯಾಸ ಮುಖ್ಯ. ಸೆರೆಹಿಡಿದದ್ದು ಫೋಟೊ ಇದ್ದಂತೆ. ಆ ಆಂಪ್‌ನ ನಾಬ್‌ಗಳು ಆ ಹೊತ್ತಿಗೆ ಎಲ್ಲಿದ್ದವೋ ಆ ದನಿ ಬಲು ಚೆನ್ನಾಗಿ ಸಿಗುತ್ತದೆ, ಬೇರೆ ಕಡೆ ತಿರುಗಿಸಿದರೆ ಏನಾಗುತ್ತಿತ್ತು ಎಂಬುದು ಅದಕ್ಕೆ ಅಷ್ಟಾಗಿ ಗೊತ್ತಿರುವುದಿಲ್ಲ. ಮಾಡೆಲ್‌ನಲ್ಲಿ ನಾಬ್ ತಿರುಗಿಸಿದಂತೆ ದನಿಯೂ ನಿಜದ ಆಂಪ್‌ನಂತೆ ತಿರುಗುತ್ತದೆ. ಒಂದೇ ದನಿಯನ್ನು ಪ್ರೀತಿಸಿ ಅದರಲ್ಲೇ ಬದುಕುವವರಿಗೆ ಸೆರೆ, ಸದಾ ಕೈಯಾಡಿಸುತ್ತ ಹುಡುಕುವವರಿಗೆ ಮಾಡೆಲ್.

ಈಗ ಡಿಜಿಟಲ್ ಆಂಪ್. ಪೆಟ್ಟಿಗೆಯೊಳಗೆ ಸ್ಪೀಕರ್ ಇರುತ್ತದೆ, ಪ್ಲಗ್ ಚುಚ್ಚಿದರೆ ನುಡಿಯುತ್ತದೆ. ಇವುಗಳಲ್ಲಿ ಫೆಂಡರ್‌ನ ಟೋನ್ ಮಾಸ್ಟರ್ ಡೀಲಕ್ಸ್ ರಿವರ್ಬ್ ಹೋಲಿಕೆಗೆ ಹೇಳಿ ಮಾಡಿಸಿದ್ದು. ಒಂದೇ ಒಂದು ಟ್ಯೂಬ್ ಆಂಪ್‌ನ ನಡೆಯನ್ನು ಅನುಕರಿಸುವುದಕ್ಕೇ ಅದರ ಇಡೀ ಚಿಪ್ ದುಡಿಯುತ್ತದೆ. ಟ್ಯೂಬಿನ ಮೂಲ ಆಂಪ್ ಸುಮಾರು 19 ಕಿಲೊ, ಇದು ಸುಮಾರು 10 ಕಿಲೊ. ಮೂರನೇ ಮಹಡಿಗೆ ಆಂಪ್ ಹೊತ್ತವರಿಗೆ ಈ 9 ಕಿಲೊ ಏನೆಂದು ಗೊತ್ತು. ಹಿಂಬದಿಯ ಸ್ವಿಚ್ಚಿನಿಂದ ಸದ್ದನ್ನು ತೀರ ತಗ್ಗಿಸಿದರೂ ಜೋರಾದ ಆಂಪ್‌ನ ಬಣ್ಣ ಹೋಗುವುದಿಲ್ಲ. ಬಾಸ್ ಕಂಪನಿಯ ಕಟಾನಾ ಇನ್ನೊಂದು ದಾರಿ ಹಿಡಿದಿದೆ: ಕೆಲವೇ ಬಗೆಯ ದನಿ, ಎದುರಿಗೇ ನಾಬ್‌ಗಳು, ಪರದೆ ಇಲ್ಲ. 100 ವ್ಯಾಟ್ ಮಾದರಿಯನ್ನು ಅರ್ಧ ವ್ಯಾಟ್‌ಗೆ ಇಳಿಸಬಹುದು. ಕಲಿಯುವವರಿಗೆ ನಾನು ಹೇಳುವುದು ಈ ಬಗೆಯದನ್ನೇ. ಗಿಟಾರ್ ಹಿಡಿದು ಕೂತ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಪರದೆ ನೋಡುವುದರಲ್ಲಿ ಕಳೆದರೆ ಕೈ ಯಾವಾಗ ಪಳಗಬೇಕು?

ಕಾಲಡಿಯ ಪೆಟ್ಟಿಗೆ, ಅಂದರೆ ಹೀಲಿಕ್ಸ್ ಮುಂತಾದ ಫ್ಲೋರ್ ಮಾಡೆಲರ್, ವೇದಿಕೆಗೆ ಹೋಗುವವರ ಆಯ್ಕೆ. ನೇರವಾಗಿ ಸೌಂಡ್ ಸಿಸ್ಟಮ್‌ಗೆ ಕೊಡಬಹುದು, ಮೈಕ್ ಹಿಡಿಯುವ ತಾಪತ್ರಯವಿಲ್ಲ. ಇದನ್ನು ಮೊದಲ ಸಲ ಕೊಂಡವರಲ್ಲಿ ಅನೇಕರು ವಾರದೊಳಗೆ ಬೇಸರಪಡುತ್ತಾರೆ. ಬಹುಮಟ್ಟಿಗೆ ತಪ್ಪು ಪೆಟ್ಟಿಗೆಯದಲ್ಲ, ಸ್ಪೀಕರಿನದು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್ ಮೇಲಿನದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಡಿಸ್ಟಾರ್ಷನ್‌ನ (ಬೇಕೆಂದೇ ಒಡೆಸಿದ ದನಿಯ) ಕರ್ಕಶ ಭಾಗವೆಲ್ಲ ಅಲ್ಲೇ ಸೋಸಿಹೋಗುತ್ತದೆ. ಹಾಡು ಕೇಳುವ ಸ್ಪೀಕರಿಗೆ ನೇರ ಕೊಟ್ಟರೆ ಸೋಸುವವರಿಲ್ಲ, ಡಬ್ಬಿಯೊಳಗೆ ದುಂಬಿ ಗುಂಯ್‌ಗುಟ್ಟಿದಂತಾಗುತ್ತದೆ. ಅದಕ್ಕೇ ಪೆಟ್ಟಿಗೆಯಲ್ಲಿ ಇಂಪಲ್ಸ್ ರೆಸ್ಪಾನ್ಸ್ ಎಂಬ ಪುಟ್ಟ ಫೈಲ್ ಇರುತ್ತದೆ: ಒಂದು ನಿರ್ದಿಷ್ಟ ಸ್ಪೀಕರ್ ಪೆಟ್ಟಿಗೆ, ಅದರ ಮುಂದೆ ಇಟ್ಟ ಮೈಕ್, ಎರಡೂ ಸೇರಿ ಸದ್ದನ್ನು ಹೇಗೆ ಬದಲಿಸುತ್ತವೆ ಎಂಬುದರ ಅಚ್ಚು. ದನಿ ಹಿಡಿಸದಿದ್ದರೆ ಆಂಪ್ ಮಾಡೆಲ್ ಬದಲಿಸುವ ಮೊದಲು ಈ ಅಚ್ಚನ್ನು ಬದಲಿಸಿ ನೋಡಿ. ಬದಲಾವಣೆ ಕಂಡು ಬೆರಗಾಗುತ್ತೀರಿ. ಮತ್ತೊಂದು ಮಾತು, ಇಲ್ಲಿ ಕೇಳುವುದು ಮೈಕ್ ಕೇಳಿಸಿಕೊಂಡ ಆಂಪ್. ಪ್ಯಾಂಟಿನ ಕಾಲು ಅದುರಿಸುವ ಆಂಪ್ ಬೇಕೆಂದರೆ ಅಚ್ಚನ್ನು ಆಫ್ ಮಾಡಿ, ಪವರ್ ಆಂಪ್ ಮೂಲಕ ನಿಜವಾದ ಗಿಟಾರ್ ಸ್ಪೀಕರಿಗೆ ಕೊಡಬೇಕು.

ಹೆಡ್‌ಫೋನಿನಲ್ಲಿ ಕಟ್ಟಿದ ದನಿ ವೇದಿಕೆಯಲ್ಲಿ ಕೆಡುವುದಕ್ಕೂ ಹಳೆಯ ಕಾರಣವಿದೆ. ಮೆಲುದನಿಯಲ್ಲಿ ನಮ್ಮ ಕಿವಿ ತಗ್ಗಿನ ಹಾಗೂ ತೀರ ಮೇಲಿನ ಸ್ವರಗಳನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ ಎಂದು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಮನೆಯಲ್ಲಿ ಕೊರತೆ ಎನಿಸಿ ಬೇಸ್, ಟ್ರೆಬಲ್ ಎರಡನ್ನೂ ಏರಿಸುತ್ತೇವೆ. ವೇದಿಕೆಯ ಜೋರಿನಲ್ಲಿ ಅದೇ ದನಿಯ ತಳ ಗೊಜ್ಜಾಗಿ, ತುದಿ ಕಿವಿ ಚುಚ್ಚಿ, ನಡುವಿನ ಸ್ವರ ಡ್ರಮ್ ಮುಂದೆ ಕಾಣೆಯಾಗುತ್ತದೆ. ವೇದಿಕೆಗೆಂದು ಕೊಳ್ಳುವವರು ಪೆಟ್ಟಿಗೆಯ ಬೆಲೆಯ ಜೊತೆಗೆ, ಜೋರಾಗಿ ಅಭ್ಯಾಸ ಮಾಡಬಲ್ಲ ಜಾಗವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಕಂಪ್ಯೂಟರ್ ಹಾದಿ ಅಗ್ಗ, ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದು ಆಡಿಯೊ ಇಂಟರ್‌ಫೇಸ್, ಒಂದು ಪ್ಲಗಿನ್ (ಆಂಪ್‌ನ ದನಿ ಕೊಡುವ ತಂತ್ರಾಂಶ), ಒಂದು ಜೊತೆ ಹೆಡ್‌ಫೋನ್. ಇಂಟರ್‌ಫೇಸ್‌ನಲ್ಲಿ ಗಿಟಾರಿಗೆಂದೇ ಇರುವ ಇನ್‌ಪುಟ್ ಕಡ್ಡಾಯ. ಸಾಮಾನ್ಯ ಪಿಕಪ್‌ಗೆ ಸುಮಾರು ಒಂದು ಮೆಗಾಓಮ್‌ನಷ್ಟು ರೋಧ ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ದನಿಯ ಹೊಳಪೆಲ್ಲ ಇಂಗಿ, ಕಂಬಳಿ ಹೊದಿಸಿದಂತೆ ಮಂಕಾಗುತ್ತದೆ. ಪ್ಲಗಿನ್ ಕಳಪೆ ಎಂದು ಬೈಯುವವರಲ್ಲಿ ಕೆಲವರ ತೊಂದರೆ ಇಷ್ಟೇ.

ಇನ್ನೊಂದು ಲೇಟೆನ್ಸಿ, ಅಂದರೆ ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ತಡ. ಸೆಕೆಂಡಿಗೆ 48,000 ಸ್ಯಾಂಪಲ್ (ಅಲೆಯ ಅಳತೆ) ತೆಗೆಯುವಾಗ ಬಫರ್, ಅಂದರೆ ಒಮ್ಮೆಗೆ ಕೂಡಿಟ್ಟು ಲೆಕ್ಕಕ್ಕೆ ಕೊಡುವ ಸ್ಯಾಂಪಲ್‌ಗಳ ಸಂಖ್ಯೆ, 128 ಎಂದಿಟ್ಟರೆ ಅದರಿಂದ ಒಂದು ಕಡೆಗೆ 2.7 ಮಿಲಿಸೆಕೆಂಡ್ ತಡ. ಒಳಬರುವುದು, ಹೊರಹೋಗುವುದು, ಪರಿವರ್ತನೆ ಎಲ್ಲ ಸೇರಿ ಇನ್ನಷ್ಟು. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಗಾಬರಿ ಬೇಡ. ಒಟ್ಟು 9 ಮಿಲಿಸೆಕೆಂಡ್ ತಡ ಎಂದರೆ ಆಂಪ್‌ನಿಂದ ಮೂರು ಮೀಟರ್ ದೂರ ನಿಂತಂತೆ. ಅದರಾಚೆ ಹೋದರೆ ತಾಳದ ಹಿಡಿತ ಸಡಿಲವಾಗತೊಡಗುತ್ತದೆ. ವೈರ್‌ಲೆಸ್ ಸೇರಿಸಿದರೆ ಅದರ ತಡವೂ ಕೂಡಿಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿ ನುಡಿಸಲು ಹೋಗಬೇಡಿ, ಅದರ ತಡ ಹಾಡು ಕೇಳುವವರಿಗೆ ಸರಿ, ನುಡಿಸುವವರಿಗೆ ಆಗದು.

ಹಾಗಾದರೆ ಟ್ಯೂಬ್ ಬೇಡವೇ? ಜೋರಾಗಿ ನುಡಿಸಲು ಜಾಗವಿದ್ದು, ಒಂದೆರಡೇ ದನಿ ಸಾಕಾಗಿದ್ದು, ರಿಪೇರಿ ಮಾಡುವವರು ಹತ್ತಿರದಲ್ಲಿದ್ದರೆ ಖಂಡಿತ ಕೊಳ್ಳಿ. ದಶಕಗಳ ಹಿಂದಿನ ಟ್ಯೂಬ್ ಆಂಪ್‌ಗಳನ್ನು ಜನ ಇವತ್ತಿಗೂ ರಿಪೇರಿ ಮಾಡಿಸಿ ನುಡಿಸುತ್ತಿದ್ದಾರೆ. ಡಿಜಿಟಲ್ ಪೆಟ್ಟಿಗೆಗೆ ಅಷ್ಟು ಆಯಸ್ಸಿನ ಭರವಸೆಯನ್ನು ನಾನು ಕೊಡಲಾರೆ.

ಅಂಗಡಿಯಲ್ಲಿ ಕೂತಾಗ

ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯವರು ಹಾಕಿಕೊಡುವ ಮೊದಲೇ ಹೊಂದಿಸಿಟ್ಟ ಅಬ್ಬರದ ಪ್ರಿಸೆಟ್ ಬಿಟ್ಟು, ರಿವರ್ಬ್, ಡಿಲೇ (ಪ್ರತಿಧ್ವನಿ) ಎಲ್ಲ ಆಫ್ ಮಾಡಿ, ಸ್ವಲ್ಪವೇ ಒಡೆದ ದನಿ ಕೇಳಿ. ಗಿಟಾರಿನ ವಾಲ್ಯೂಮ್ ನಾಬನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ. ದನಿ ತಿಳಿಯಾಗಬೇಕು. ಬರೀ ಸಣ್ಣಗಾಗಿ ಹಾಗೇ ಕರಕಲಾಗಿ ಉಳಿದರೆ ಅದು ನಿಮ್ಮ ಕೈಯ ಮಾತು ಕೇಳುತ್ತಿಲ್ಲ.

ಆಮೇಲೆ ಡಿಸ್ಟಾರ್ಷನ್ ಪೂರ್ತಿ ಏರಿಸಿ, ತೆಳು ತಂತಿಯನ್ನು ಹದಿನೈದನೇ ಫ್ರೆಟ್‌ನ ಆಚೆ ಹಿಡಿದು ನಿಧಾನವಾಗಿ ಬೆಂಡ್ ಮಾಡಿ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿ). ಸ್ವರ ಮೇಲೇರುವಾಗ ಹಿನ್ನೆಲೆಯಲ್ಲಿ ಇನ್ನೊಂದು ಮಸುಕು ಸ್ವರ ಕೆಳಗಿಳಿಯುವುದು ಕೇಳಿಸಿದರೆ ಅದು ಏಲಿಯಾಸಿಂಗ್. ಡಿಸ್ಟಾರ್ಷನ್ ಹುಟ್ಟಿಸಿದ ಮೇಲಿನ ಸ್ವರಗಳು ಸ್ಯಾಂಪಲಿಂಗ್ ವೇಗದ ಅರ್ಧವನ್ನು ಮೀರಿ, ಮಡಚಿಕೊಂಡು ಕೆಳಗೆ ಬಂದಿವೆ. ಒಳ್ಳೆಯ ಯಂತ್ರಗಳು ಹಲವು ಪಟ್ಟು ವೇಗದಲ್ಲಿ ಲೆಕ್ಕ ಹಾಕಿ ಇದನ್ನು ತಡೆಯುತ್ತವೆ.

ಕೊನೆಗೆ ನಡುವಿನ ತಂತಿಯಲ್ಲಿ ಒಂದೇ ಸ್ವರ ಮೀಟಿ, ಬೆರಳು ಒತ್ತಿಹಿಡಿದು ಸುಮ್ಮನೆ ಕೂರಿ. ದನಿ ಒಡೆದದ್ದರಿಂದ ತಿಳಿಗೆ, ತಿಳಿಯಿಂದ ಮೌನಕ್ಕೆ ಜಾರಬೇಕು. ನಡುವೆ ಬೆಂಕಿಕಡ್ಡಿ ಗೀರಿದಂಥ ಸರಸರ ಸದ್ದು ಬಂದರೆ, ಅಥವಾ ಯಾರೋ ಕತ್ತರಿ ಹಾಕಿದ ಹಾಗೆ ಸ್ವರ ತುಂಡಾದರೆ, ಸಣ್ಣ ಸದ್ದನ್ನು ಗದ್ದಲವೆಂದು ಕತ್ತರಿಸುವ ನಾಯ್ಸ್ ಗೇಟನ್ನು ಆಫ್ ಮಾಡಿ ಇನ್ನೊಮ್ಮೆ ಮೀಟಿ. ಆಗಲೂ ಹಾಗೇ ಆದರೆ ಪಕ್ಕದ ಪೆಟ್ಟಿಗೆಗೆ ಕೇಬಲ್ ಚುಚ್ಚಿ.